ಜ್ವರದ ದಿನದ ಶಾವಿಗೆ

ನನ್ನದು ಬನ್ನೂರು ಅಂದರೆ ಹೊರಗಿನವರು ಮೊದಲು ಕೇಳುವುದು ಕುರಿಯ ವಿಷಯ. ಗಿಡ್ಡ ಕಾಲಿನ ನಮ್ಮ ಬನ್ನೂರು ಕುರಿ ಅಷ್ಟು ಹೆಸರುವಾಸಿ. ನಮ್ಮ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಅಮ್ಮಿ ಕಾಲು ಸೂಪ್ ಮಾಡುತ್ತಾರೆ. ಬೆಳಿಗ್ಗೆ ಒಲೆಗೆ ಇಟ್ಟರೆ ಮಧ್ಯಾಹ್ನದವರೆಗೂ ಕುದಿಯುತ್ತಿರುತ್ತದೆ.

ಕಳೆದ ಮಳೆಗಾಲದಲ್ಲಿ ಮೊದಲು ಅಮ್ಮಿಗೆ ಜ್ವರ ಬಂತು. ಎರಡು ವಾರದ ನಂತರ ನನಗೆ. ಆದರೆ ನನ್ನ ಸರದಿ ಬಂದಾಗ ಅಮ್ಮಿ ಮನೆಯಲ್ಲಿ ಇರಲಿಲ್ಲ. ಖಾಲಾಗೆ ಹೆರಿಗೆಯಾಗಿದ್ದರಿಂದ ನಂಜನಗೂಡಿಗೆ ಹೋಗಿದ್ದರು. ಅಬ್ಬಾ ಬೆಳಗಿನ ಜಾವವೇ ಗೂಡ್ಸ್ ಆಟೋದಲ್ಲಿ ತರಕಾರಿ ತುಂಬಿಕೊಂಡು ಮೈಸೂರಿಗೆ ಹೊರಟುಹೋಗಿದ್ದರು. ಹೋಗುವಾಗ ಹಣೆ ಮುಟ್ಟಿ ನೋಡಿ, "ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಬೇಡ" ಎಂದಷ್ಟೇ ಹೇಳಿದರು.

ಹನ್ನೊಂದು ಗಂಟೆಗೆ ಎದ್ದೆ. ಮೈಕೈ ನೋವು, ಮೂಗು ಕಟ್ಟಿತ್ತು. ಅಡುಗೆಮನೆಯಲ್ಲಿ ತಣ್ಣನೆಯ ಅನ್ನ ಇತ್ತು, ನೋಡಿದರೇ ವಾಕರಿಕೆ ಬಂತು. ಡಬ್ಬಗಳನ್ನು ಒಂದೊಂದಾಗಿ ತೆರೆದೆ. ಒಂದರಲ್ಲಿ ಈದ್‌ಗೆ ತಂದು ಉಳಿದಿದ್ದ ಅರ್ಧ ಪ್ಯಾಕೆಟ್ ಶಾವಿಗೆ ಸಿಕ್ಕಿತು. ನನಗೆ ಗೊತ್ತಿದ್ದದ್ದು ಹಾಲು ಸಕ್ಕರೆ ಹಾಕಿದ ಶಾವಿಗೆ ಮಾತ್ರ. ಅದನ್ನೂ ತಿಂದು ಗೊತ್ತು, ಮಾಡಿ ಗೊತ್ತಿಲ್ಲ. ದ್ವಿತೀಯ ಪಿಯುಸಿಗೆ ಬಂದರೂ ನಾನು ಒಲೆ ಹಚ್ಚಿದ್ದು ಚಹಾ ಬಿಸಿ ಮಾಡಲು ಮಾತ್ರ.

ಹಿತ್ತಲಿಗೆ ನೀರು ಚೆಲ್ಲಲು ಹೋದಾಗ ಪಕ್ಕದ ಮನೆಯ ಅಜ್ಜಿ ಕಂಡರು. "ಯಾಕ್ಲಾ ಮಗ, ಕಾಲೇಜಿಗೆ ಹೋಗ್ಲಿಲ್ವಾ?" ಅಂದರು. ವಿಷಯ ಹೇಳಿದೆ. ಅಜ್ಜಿ ಬೇಲಿಯ ಆಚೆಯಿಂದಲೇ ಪಾಠ ಶುರು ಮಾಡಿದರು. "ಮೊದ್ಲು ಶಾವ್ಗೆ ಕೆಂಪಗೆ ಹುರ್ಕೊ. ಇಲ್ದಿದ್ರೆ ಮುದ್ದೆ ಆಗೋಯ್ತದೆ. ಬೆಳ್ಳುಳ್ಳಿ, ಮೆಣಸು ಜಜ್ಜಿ ಹಾಕು. ನೀರು ಮಾತ್ರ ಜಾಸ್ತಿ ಇರ್ಲಿ." ಅವರ ಮನೆಯಲ್ಲಿ ಹಬ್ಬಕ್ಕೆ ಒತ್ತು ಶಾವಿಗೆ ಮಾಡಿ ನಮಗೂ ಕಾಯಿಹಾಲಿನ ಜೊತೆ ಕೊಡುತ್ತಾರೆ. ಬೇಯಿಸಿದ ಅಕ್ಕಿ ಹಿಟ್ಟಿನ ಉಂಡೆ ಬಿಸಿ ಇರುವಾಗಲೇ ಒರಳಿಗೆ ಹಾಕಿ ಒತ್ತಬೇಕು, ಒಬ್ಬರು ಒತ್ತಿದರೆ ಇನ್ನೊಬ್ಬರು ತಟ್ಟೆ ಹಿಡಿಯಬೇಕು. "ಅದಕ್ಕೆ ಇಬ್ರು ಬೇಕು. ಇದಕ್ಕೆ ನೀನೊಬ್ನೇ ಸಾಕು, ಹೋಗು" ಎಂದು ಒಂದು ಹಿಡಿ ಕೊತ್ತಂಬರಿ ಸೊಪ್ಪು ಕಿತ್ತು ಕೊಟ್ಟರು.

ಒಂದು ಚಮಚ ಎಣ್ಣೆಯಲ್ಲಿ ಎರಡು ಹಿಡಿ ಶಾವಿಗೆ ಹುರಿದು ತೆಗೆದಿಟ್ಟೆ. ಅದೇ ಪಾತ್ರೆಗೆ ಆರು ಎಸಳು ಬೆಳ್ಳುಳ್ಳಿ, ಒಂದು ಈರುಳ್ಳಿ, ಒಂದು ಟೊಮೆಟೊ ಹಾಕಿದೆ. ಐದು ಲೋಟ ನೀರು ಸುರಿದೆ. ನಿಲ್ಲಲು ಆಗದೆ ಗೋಡೆಗೆ ಒರಗಿ ಕೂತು ಕುದಿಯುವ ಸದ್ದಿಗೆ ಕಾದೆ. ಕುದಿ ಬಂದ ಮೇಲೆ ಶಾವಿಗೆ, ಮೆಣಸು, ಉಪ್ಪು ಹಾಕಿದೆ. ರುಚಿ ನೋಡಿದರೆ ಏನೂ ಗೊತ್ತಾಗಲಿಲ್ಲ. ಇನ್ನಷ್ಟು ಉಪ್ಪು ಹಾಕಿದೆ. ಆಗಲೂ ಸಪ್ಪೆ. ಮೂರನೇ ಸಲವೂ ಹಾಕಿದೆ. ಬಟ್ಟಲಿಗೆ ಬಗ್ಗಿಸಿಕೊಂಡು ಬಿಸಿಬಿಸಿಯಾಗಿ ಕುಡಿದೆ. ಗಂಟಲಿಗೆ ಹಿತವಾಯಿತು, ಹಣೆಯಲ್ಲಿ ಬೆವರು ಬಂತು. ಮಾತ್ರೆ ನುಂಗಿ ಮಲಗಿದೆ.

ಸಂಜೆ ಅಬ್ಬಾ ಬಂದರು. ನಾನೇ ಅಡುಗೆ ಮಾಡಿದ್ದೇನೆ ಎಂದು ಹೆಮ್ಮೆಯಿಂದ ಬಿಸಿ ಮಾಡಿ ಕೊಟ್ಟೆ. ಮೊದಲ ಗುಟುಕಿಗೆ ಅವರ ಕಣ್ಣು ಸ್ವಲ್ಪ ಅಗಲವಾಯಿತು. ಏನೂ ಹೇಳಲಿಲ್ಲ. ಪೂರ್ತಿ ಕುಡಿದು, ಎದ್ದು ಹೋಗಿ ಎರಡು ಚೊಂಬು ನೀರು ಕುಡಿದರು. "ಚೆನ್ನಾಗಿದೆ, ಮಲಗು" ಅಂದರು.

ಮರುದಿನ ಮೂಗು ಬಿಟ್ಟಿತು. ಪಾತ್ರೆಯ ತಳದಲ್ಲಿ ಉಳಿದಿದ್ದನ್ನು ಬಾಯಿಗೆ ಹಾಕಿಕೊಂಡೆ. ನುಂಗಲು ಆಗಲಿಲ್ಲ, ಅಷ್ಟು ಉಪ್ಪು!

ಆಗ ನೆನಪಾಯಿತು. ಎರಡು ವಾರದ ಹಿಂದೆ, ಅಮ್ಮಿ ಜ್ವರದಲ್ಲೇ ಎದ್ದು ಸಾರು ಮಾಡಿದ್ದರು. ನಾನು ಒಂದು ತುತ್ತು ತಿಂದು, "ಇದೇನು, ಸಮುದ್ರದ ನೀರಾ?" ಎಂದು ತಟ್ಟೆ ತಳ್ಳಿ ಎದ್ದುಹೋಗಿದ್ದೆ. ಅಮ್ಮಿ ಸಾರಿಗೆ ನೀರು ಬೆರೆಸಿ ಇನ್ನೊಮ್ಮೆ ಕುದಿಸಿದ್ದರು. ನಾನು ಅದನ್ನೂ ತಿನ್ನದೆ ಬಸ್ ಸ್ಟ್ಯಾಂಡ್ ಹತ್ತಿರ ದೋಸೆ ತಿಂದಿದ್ದೆ. ಅವರಿಗೆ ಆಗ ಯಾರು ಅಡುಗೆ ಮಾಡಿ ಕೊಟ್ಟರು ಎಂದು ನಾನು ಕೇಳಿರಲಿಲ್ಲ.

ನಾನು ವಿಜ್ಞಾನದ ವಿದ್ಯಾರ್ಥಿ. ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ಮೂಗಿನದು ಎಂದು ಓದಿದ್ದೇನೆ. ಮೈಯ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹ ಖರ್ಚು ಮಾಡುವ ಶಕ್ತಿ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ ಎಂಬುದೂ ಗೊತ್ತು. 2000ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಸ್ಟೀಫನ್ ರೆನಾರ್ಡ್ ಎಂಬ ವೈದ್ಯರು ತಮ್ಮ ಹೆಂಡತಿಯ ಅಜ್ಜಿಯ ಕೋಳಿ ಸೂಪನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಅದು ಕೆಲವು ಬಿಳಿ ರಕ್ತಕಣಗಳ ಓಡಾಟವನ್ನು ನಿಧಾನ ಮಾಡುತ್ತದೆ ಎಂದು ಕಂಡರಂತೆ. ಇಷ್ಟೆಲ್ಲ ಓದುವ ನನಗೆ, ಜ್ವರ ಬಂದ ಅಮ್ಮಿಗೆ ಉಪ್ಪು ತಿಳಿಯದಿರಬಹುದು ಎಂಬುದು ಹೊಳೆದಿರಲಿಲ್ಲ.

ಭಾನುವಾರ ಅಮ್ಮಿ ಬಂದರು. "ಅವತ್ತು ಸಾರು ಮಾಡುವಾಗ ನಿಮಗೆ ರುಚಿ ಗೊತ್ತಾಗುತ್ತಿತ್ತಾ?" ಎಂದು ಕೇಳಿದೆ. ಅಮ್ಮಿ ಚೀಲದಿಂದ ನಂಜನಗೂಡು ರಸಬಾಳೆ ತೆಗೆಯುತ್ತಾ, "ಎಲ್ಲಿಂದ ಬರಬೇಕು? ಕೈಯ ಅಂದಾಜಿನಲ್ಲಿ ಹಾಕಿದ್ದೆ. ಎರಡು ಸಲ ಬಿತ್ತು ಅಂತ ಕಾಣುತ್ತೆ" ಎಂದು ನಕ್ಕರು. ತಪ್ಪಾಯಿತು ಎಂದೆ. ಯಾವುದಕ್ಕೆ ಎಂದು ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, "ಹೋಗು, ಪಾತ್ರೆ ತೊಳೆ" ಅಂದರು.

ಈಗ ವಾರಕ್ಕೆ ಒಂದು ದಿನ ರಾತ್ರಿಯ ಅಡುಗೆ ನನ್ನದು. ಶಾವಿಗೆ ಸೂಪು ಸರಿಯಾಗಿ ಬರುತ್ತದೆ, ಅನ್ನ ಇನ್ನೂ ತಳ ಹಿಡಿಯುತ್ತದೆ. ಉಪ್ಪು ಮಾತ್ರ ಅಮ್ಮಿಯನ್ನು ಕರೆದು ತೋರಿಸಿಯೇ ಹಾಕುತ್ತೇನೆ.

— ದ್ವಿತೀಯ ಪಿಯುಸಿ ವಿದ್ಯಾರ್ಥಿ, ವಿಜ್ಞಾನ ವಿಭಾಗ