ಮಲ್ಪೆ ಮರಳಲ್ಲಿ ಚಿಲ್ಲರೆ ಕಾಸಿನ ಮಜಾ!

ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014) ನೋಡಿದಾಗಿನಿಂದ ನಮ್ಮ ಮನೆಯಲ್ಲಿ ಒಂದೇ ರಾಗ... ಮಲ್ಪೆ, ಮಲ್ಪೆ! ಕಳೆದ ಡಿಸೆಂಬರಿನಲ್ಲಿ ಹೊರಟೇಬಿಟ್ಟೆವು. ಉಡುಪಿಯಿಂದ ಸಿಟಿ ಬಸ್ಸು. ಸುಮಾರು 6 ಕಿಲೋಮೀಟರ್, ಅಷ್ಟೆ.

ಇಳಿದ ಕೂಡಲೇ ಮಗರಾಯನ ಹಟ: “ಅಪ್ಪಾ, ದೋಣೀಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೋಣ!” ನಾಲ್ವರ ಟಿಕೆಟ್ಟಿನ ಲೆಕ್ಕ ಹಾಕಿದೆ. ಕೊಟ್ಟರೆ ವಾಪಸು ಬಸ್ಸಿಗೇ ತತ್ವಾರ! “ಇಲ್ಲ ಕಣೋ” ಅಂದೆ. ಅವನ ಮುಖ ನೋಡಲಾಗಲಿಲ್ಲ.

ಅಷ್ಟರಲ್ಲಿ ದಡದಲ್ಲಿ ಕೈರಂಪಣಿ ಎಳೆಯುವುದು ಕಂಡಿತು. ಹಗ್ಗದ ಎರಡೂ ತುದಿ ದಡದಲ್ಲಿ, ನಡುವೆ ಕಡಲಲ್ಲಿ ಬಲೆ. “ಬನ್ನಿ ಮಾರಾಯ್ರೇ, ಮಕ್ಕಳೂ ಒಂದು ಕೈ ಹಾಕ್ಲಿ” ಎಂದರು ಹಿರಿಯರೊಬ್ಬರು. ಮಗ ಓಡಿದ! ಬಲೆಯಲ್ಲಿ ಬೂತಾಯಿ ಮಿಂಚಿದಾಗ ಅವನ ಮುಖವೂ ಮಿಂಚಿತು.

ಮಗಳದು ಮರಳಿನ ಮನೆ. ಒಣ ಮರಳು ಜಾರುತ್ತೆ, ಒದ್ದೆ ಮರಳು ನಿಲ್ಲುತ್ತೆ. ಕಣಗಳ ನಡುವಿನ ನೀರೇ ಅಂಟು ಅಂತ ಅವರಮ್ಮನ ಪಾಠ. ಬೇಕಾದ್ದು ಒಂದು ತೆಂಗಿನ ಗೆರಟೆ! ಆಮೇಲೆ ಚಿಪ್ಪು ಹೆಕ್ಕಿದ್ದು, ಏಡಿ ಬಿಲದ ಮುಂದೆ ಉಸಿರು ಬಿಗಿಹಿಡಿದು ಕೂತದ್ದು. ಖರ್ಚು? ನಾಲ್ಕು ಪೊಟ್ಟಣ ಚರುಮುರಿ.

ಒಂದು ಮಾತು, ಓದುಗರೇ. ಮಳೆಗಾಲದಲ್ಲಿ ಮಕ್ಕಳನ್ನು ನೀರಿಗಿಳಿಸಲೇಬೇಡಿ. ಉಳಿದ ದಿನಗಳಲ್ಲೂ ಕೈ ಬಿಡಬೇಡಿ.

ವಾಪಸು ಬಸ್ಸಿನಲ್ಲಿ ಮಗ ಅಂಗೈ ಚಾಚಿದ. ಹಗ್ಗದ ಗೆರೆ, ಕೆಂಪಗೆ. “ಉರೀತಿದೆಯೇನೋ?”

“ಹೂಂ... ಮಾಯೋಕೆ ಮುಂಚೆ ಸ್ಕೂಲಲ್ಲಿ ತೋರಿಸ್ಬೇಕಪ್ಪಾ!”