ಸೆಟ್ಟಿಂಗಿನೊಳಗಿನ ಆ ಒಂದು ಸಾಲು

ಥಂಡರ್‌ಬರ್ಡ್ ಎಂಬ ಮೇಲ್ ಕ್ಲೈಂಟಿನಲ್ಲಿ ಅಕೌಂಟ್ ಸೇರಿಸುವವರು ಒಂದು ಪುಟವನ್ನು ಅವಸರದಲ್ಲಿ ದಾಟಿಬಿಡುತ್ತಾರೆ. ಸರ್ವರ್ ಹೆಸರು, ಪೋರ್ಟ್ ನಂಬರು, ಅದರ ಹತ್ತಿರವೇ ‘ಕನೆಕ್ಷನ್ ಸೆಕ್ಯುರಿಟಿ’ ಅಂತ ಒಂದು ಸಾಲು. ಒತ್ತಿದರೆ ಮೂರು ಆಯ್ಕೆ: ‘ನನ್’, ಅಂದರೆ ಏನೂ ಬೇಡ, ಸ್ಟಾರ್ಟ್‌ಟಿಎಲ್‌ಎಸ್, ಎಸ್‌ಎಸ್‌ಎಲ್/ಟಿಎಲ್‌ಎಸ್. ಮೇಲ್ ಬಂದರೆ ಸಾಕು ಅನ್ನುವವರಿಗೆ ಮೂರೂ ಒಂದೇ. ನನಗಂತೂ ಆ ಇಡೀ ಪುಟದಲ್ಲಿ ಮುಖ್ಯವಾದದ್ದು ಇದೊಂದೇ ಸಾಲು ಅನ್ನಿಸುತ್ತದೆ.

ಏನೂ ಬೇಡ ಅಂದರೆ ಏನಾಗುತ್ತದೆ? ವೈರ್‌ಶಾರ್ಕ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ನಿಮ್ಮದೇ ಕಂಪ್ಯೂಟರಿನಿಂದ ಹೊರಡುವುದನ್ನು ಗಮನಿಸಿ. 110ನೇ ಪೋರ್ಟಿನಲ್ಲಿ, ಬಂದ ಮೇಲ್ ತಲುಪಿಸುವ ಪಾಪ್ ಸರ್ವರ್ ‘ಓಕೆ’ ಅನ್ನುತ್ತದೆ. ಮೇಲ್ ಕ್ಲೈಂಟು ‘ಯೂಸರ್’ ಎಂದು ಹೆಸರು ಹೇಳುತ್ತದೆ. ಮರುಸಾಲಿನಲ್ಲೇ ‘ಪಾಸ್’ ಎಂದು ಪಾಸ್‌ವರ್ಡನ್ನು ಅಕ್ಷರ ಬಿಡದೆ ಒಪ್ಪಿಸಿಬಿಡುತ್ತದೆ. ಮೇಲ್ ಕಳಿಸುವ ಕಡೆ ಕೆಲವೊಮ್ಮೆ ಅರ್ಥವಾಗದ ಅಕ್ಷರಗಳು ಕಾಣುತ್ತವೆ. ಅದು ಬೇಸ್64, ಬರೀ ವೇಷ. ಯಾರು ಬೇಕಾದರೂ ಕ್ಷಣದಲ್ಲಿ ಕಳಚಬಹುದು. ಹೊಸ ಮೇಲ್ ಇದೆಯೇ ಎಂದು ಕ್ಲೈಂಟು ವಿಚಾರಿಸಿದಾಗಲೆಲ್ಲ ಇದೇ ಪಾಠ ಮತ್ತೆ ನಡೆಯುತ್ತದೆ. ಲಾಡ್ಜಿನ ವೈಫೈ ನೋಡಿಕೊಳ್ಳುವವನು ಕೇಳಿಸಿಕೊಳ್ಳಬೇಕೆಂದರೆ ಕೇಳಿಸಿಕೊಳ್ಳಬಹುದು. ಅಮೆರಿಕದ ಲಾಸ್ ವೇಗಸ್‌ನಲ್ಲಿ ಹ್ಯಾಕರ್‌ಗಳು ಸೇರುವ ಡೆಫ್‌ಕಾನ್ ಸಮ್ಮೇಳನದಲ್ಲಿ ‘ಕುರಿಗಳ ಗೋಡೆ’ ಅಂತಲೇ ಒಂದಿದೆ. ಅಲ್ಲಿನ ನೆಟ್‌ವರ್ಕಿನಲ್ಲಿ ಹೀಗೆ ಬಿಚ್ಚಿ ಹೋದ ಹೆಸರು, ಪಾಸ್‌ವರ್ಡುಗಳನ್ನು, ಪಾಸ್‌ವರ್ಡಿನ ಒಂದಷ್ಟು ಅಕ್ಷರ ಮುಚ್ಚಿ, ಪರದೆಯ ಮೇಲೆ ಹಾಕುತ್ತಾರೆ. ಒಮ್ಮೆ ನೋಡಿದವರು ಮರೆಯಲಾರರು.

ಹಾಗಂತ ಹಳಬರನ್ನು ದೂರಬಾರದು. ಜಾನ್ ಪೋಸ್ಟೆಲ್ 1982ರಲ್ಲಿ ಮೇಲ್ ಕಳಿಸುವ ಪ್ರೋಟೊಕಾಲ್ ಆದ ಎಸ್‌ಎಂಟಿಪಿ ಬರೆದಾಗ ನೆಟ್‌ವರ್ಕಿನಲ್ಲಿ ಇದ್ದದ್ದೇ ವಿಶ್ವವಿದ್ಯಾಲಯಗಳು, ಪ್ರಯೋಗಾಲಯಗಳು. ಹೆಚ್ಚುಕಡಿಮೆ ಪರಿಚಯಸ್ಥರ ಕೂಟ. ಬೀಗದ ಯೋಚನೆ ಬಲವಾಗಿ ಬಂದದ್ದು ವೆಬ್ಬಿನಲ್ಲಿ ದುಡ್ಡು ಓಡಾಡತೊಡಗಿದ ಮೇಲೆ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿ ಎಸ್‌ಎಸ್‌ಎಲ್ ಎಂಬ ಬೀಗ ತಂದಿತು; ಟಿಎಲ್‌ಎಸ್ ಅದರದೇ ಮುಂದಿನ ರೂಪ. ಮೇಲ್‌ನವರು ಆ ಬೀಗವನ್ನು ತಮ್ಮ ಮನೆಗೂ ತಂದುಕೊಂಡರು.

ಇಲ್ಲಿ 465ನೇ ಪೋರ್ಟಿನ ಕಥೆ ಹೇಳಲೇಬೇಕು. ಮೊದಲ ಮಾತಿನಿಂದಲೇ ಗುಟ್ಟಾಗಿ ಮೇಲ್ ಕಳಿಸಲು 1997ರಲ್ಲಿ ಆ ನಂಬರು ಕೊಟ್ಟರು. ಮರುವರ್ಷವೇ ಕಿತ್ತುಕೊಂಡರು, ಆಮೇಲೆ ಇನ್ನಾವುದೋ ಪ್ರೋಟೊಕಾಲ್‌ಗೆ ಬರೆದುಕೊಟ್ಟರು. ಹಳೆಯ ಪೋರ್ಟಿನಲ್ಲೇ ಬಿಚ್ಚಾಗಿ ಮಾತು ಶುರುಮಾಡಿ, ಆಮೇಲೆ ಗುಟ್ಟಿಗೆ ಹೊರಳೋಣ ಎಂಬ ಸ್ಟಾರ್ಟ್‌ಟಿಎಲ್‌ಎಸ್ ಇರುವಾಗ ಬೇರೆ ನಂಬರೇಕೆ ಅನ್ನುವುದು ವಾದ. ಮೇಲ್ ಸೇವೆಯವರು ಮಾತ್ರ 465 ಬಿಡಲಿಲ್ಲ. ಕೊನೆಗೆ 2018ರ ಜನವರಿಯಲ್ಲಿ ಆರ್‌ಎಫ್‌ಸಿ 8314 ಎಂಬ ದಾಖಲೆ ಬಂತು: ಬಿಚ್ಚು ಸಂಪರ್ಕದ ಕಾಲ ಮುಗಿಯಿತು, ಮೇಲ್ ಕಳಿಸಲು 465 ಸರಿ ಎಂದಿತು. ಇಪ್ಪತ್ತು ವರ್ಷ ಬೇಕಾಯಿತು. ಬಳಸುವವರು ಹಿಡಿದ ಹಟವೇ ಸರಿಯಾಗಿತ್ತು ಅನ್ನುವುದು ನನ್ನ ತೀರ್ಮಾನ.

ಸ್ಟಾರ್ಟ್‌ಟಿಎಲ್‌ಎಸ್‌ನ ತೊಂದರೆ ಆ ಮೊದಲ ಬಿಚ್ಚುಮಾತಿನಲ್ಲೇ ಇದೆ. ಮದುವೆ ದಲ್ಲಾಳಿ ಒಂದು ಮನೆಯವರ ಮಾತನ್ನು ನುಂಗಿ ಇನ್ನೊಂದು ಮನೆಗೆ ಬೇರೆಯದನ್ನೇ ಮುಟ್ಟಿಸಿದಂತೆ, ನಡುವೆ ಕೂತವನು ‘ನನಗೆ ಸ್ಟಾರ್ಟ್‌ಟಿಎಲ್‌ಎಸ್ ಬರುತ್ತದೆ’ ಎಂಬ ಸರ್ವರಿನ ಸಾಲನ್ನು ಅಳಿಸಿಬಿಡಬಹುದು. ‘ಇದ್ದರೆ ಬಳಸು’ ಎಂಬ ಆಯ್ಕೆ ಇದ್ದ ಹಳೆಯ ಕ್ಲೈಂಟುಗಳು ಆಗ ತಕರಾರಿಲ್ಲದೆ ಪಾಸ್‌ವರ್ಡನ್ನು ಬಿಚ್ಚಾಗಿಯೇ ಕೊಟ್ಟುಬಿಡುತ್ತಿದ್ದವು. 2021ರಲ್ಲಿ ಜರ್ಮನಿಯ ಸಂಶೋಧಕರು 28 ಮೇಲ್ ಕ್ಲೈಂಟುಗಳನ್ನು ಪರೀಕ್ಷಿಸಿದರು. ಸ್ಟಾರ್ಟ್‌ಟಿಎಲ್‌ಎಸ್‌ಗೆ ಸಂಬಂಧಿಸಿದ ಯಾವ ದೋಷವೂ ಕಾಣದಿದ್ದದ್ದು ಮೂರರಲ್ಲಿ ಮಾತ್ರ. ಎಷ್ಟೋ ಕಡೆ ಆಮೇಲೆ ಸರಿಪಡಿಸಿದ್ದಾರೆ. ಆದರೂ ಮೊದಲಿನಿಂದಲೇ ಬೀಗ ಹಾಕುವ ದಾರಿ ಇರುವಾಗ ಆ ಸಂದೇಹಕ್ಕೆ ಎಡೆ ಯಾಕೆ?

ಇನ್ನೊಂದು ಮಾತು, ಸರ್ವರಿನ ಗುರುತುಚೀಟಿಯಾದ ಸರ್ಟಿಫಿಕೇಟಿನದು. ‘ಈ ಸರ್ವರನ್ನು ನಂಬಲಾಗದು’ ಎಂದು ಕ್ಲೈಂಟು ಎಚ್ಚರಿಸಿದರೆ, ಕೆಲಸದ ಅವಸರದಲ್ಲಿ ಎಕ್ಸೆಪ್ಷನ್ ಗುಂಡಿ ಒತ್ತಿಬಿಡುತ್ತಾರೆ. ಎದುರಿಗಿರುವುದು ಯಾರೆಂದು ತಿಳಿಯದೆ ಎಷ್ಟು ಗಟ್ಟಿ ಬೀಗ ಹಾಕಿ ಏನು ಫಲ? ಸಣ್ಣ ಆಫೀಸುಗಳಲ್ಲಿ ಸಾಮಾನ್ಯವಾಗಿ ಸರ್ಟಿಫಿಕೇಟಿನ ಹೆಸರೇ ಬೇರೆ, ಸೆಟ್ಟಿಂಗಿನಲ್ಲಿ ಬರೆದ ಹೆಸರೇ ಬೇರೆ ಇರುತ್ತದೆ. ಇಲ್ಲವೇ ಅವಧಿ ಮುಗಿದಿರುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ 2015ರಿಂದ ಪುಕ್ಕಟೆಯಾಗಿ ಸರ್ಟಿಫಿಕೇಟ್ ಕೊಡುತ್ತಿದೆ, ಖರ್ಚಿನ ನೆಪ ಉಳಿದಿಲ್ಲ. ಗುಂಡಿ ಒತ್ತುವ ಬದಲು ಸಿಸ್ಟಮ್ ನೋಡಿಕೊಳ್ಳುವವರಿಗೆ ಫೋನು ಮಾಡಿ.

ಇಷ್ಟೆಲ್ಲ ಮಾಡಿದರೂ ಕಾವಲು ನಿಮ್ಮ ಕಂಪ್ಯೂಟರಿನಿಂದ ನಿಮ್ಮ ಸರ್ವರಿನವರೆಗೆ ಮಾತ್ರ. ಅಲ್ಲಿಂದ ಮುಂದಿನ ಪಯಣ ಬೇರೆಯದೇ ವಿಷಯ. ಆದರೆ ಪಾಸ್‌ವರ್ಡ್ ಓಡಾಡುವುದು ಈ ಮೊದಲ ಹಾದಿಯಲ್ಲೇ. ಇವತ್ತೇ ಆ ಪುಟ ತೆರೆದು ನೋಡಿ. ಒಳಬರುವ ಮೇಲ್‌ಗೆ ಐಮ್ಯಾಪ್ ಆದರೆ 993, ಪಾಪ್ ಆದರೆ 995, ಕಳಿಸಲು 465; ಎಲ್ಲ ಕಡೆ ಎಸ್‌ಎಸ್‌ಎಲ್/ಟಿಎಲ್‌ಎಸ್ ಇರಲಿ. ಕಳಿಸಲು ನಿಮ್ಮ ಸೇವೆಯವರು 587ನೇ ಪೋರ್ಟ್ ಮಾತ್ರ ಕೊಟ್ಟಿದ್ದರೆ ಸ್ಟಾರ್ಟ್‌ಟಿಎಲ್‌ಎಸ್ ಆರಿಸಿ, ಕ್ಲೈಂಟನ್ನು ಅಪ್‌ಡೇಟ್ ಮಾಡಿಟ್ಟುಕೊಳ್ಳಿ. ಇಷ್ಟು ದಿನ ಅಲ್ಲಿ ‘ನನ್’ ಇತ್ತೆಂದು ಗೊತ್ತಾದರೆ, ಅದನ್ನು ಬದಲಿಸಿದ ಕೂಡಲೇ ಪಾಸ್‌ವರ್ಡನ್ನೂ ಬದಲಿಸಿ.