ಕತ್ತೆಗೆ ಸಂಬಂಧ ನೋಡುವುದು

ಕುದುರೆ ಬೇಕೆಂದು ನಮ್ಮಲ್ಲಿಗೆ ಬರುವವರಿಗೆ ಲೆಕ್ಕವಿಲ್ಲ. ಕತ್ತೆ ಬೇಕೆಂದು ಯಾರಾದರೂ ಬಂದರೆ ಮಾತ್ರ ಅವರನ್ನು ಕೂರಿಸಿ, ಕಾಫಿ ಕೊಟ್ಟು, ಆಮೇಲೆ ನಿಧಾನವಾಗಿ ಅನುಮಾನಿಸುತ್ತೇವೆ.

ಮೈಸೂರಿನ ಹೊರಗೆ, ನಂಜನಗೂಡು ರಸ್ತೆಯಿಂದ ಒಳಕ್ಕೆ ತಿರುಗುವ ಮಣ್ಣುದಾರಿಯ ಕೊನೆಗೆ, ಬಡಾವಣೆಯ ಒಂದಷ್ಟು ಜನ ಸೇರಿ ನಡೆಸುವ ಲಾಯ ನಮ್ಮದು. ಲಾಯ ಎಂದ ಕೂಡಲೇ ಅರಮನೆಯ ಕಮಾನುಗಳನ್ನು ನೆನೆಸಿಕೊಳ್ಳಬೇಡಿ. ಒಬ್ಬರು ಬಿಟ್ಟುಕೊಟ್ಟ ತೆಂಗಿನ ತೋಟದ ಮೂಲೆ, ತಗಡಿನ ಮಾಡು, ಗಳ ಕಟ್ಟಿದ ಬೇಲಿ, ಒಂದು ಸಿಮೆಂಟು ತೊಟ್ಟಿ, ಅಷ್ಟೆ. ಬೀದಿಗೆ ಬಿದ್ದ ಕುದುರೆ ಕತ್ತೆಗಳನ್ನು ತಂದು, ನೆಟ್ಟಗೆ ಮಾಡಿ, ಒಳ್ಳೆಯ ಮನೆ ಹುಡುಕಿ ಕಳಿಸುವುದು ಕೆಲಸ. ನಮ್ಮಲ್ಲಿ ನಿವೃತ್ತ ಬ್ಯಾಂಕ್ ನೌಕರರಿದ್ದಾರೆ, ಹೂವಿನ ಅಂಗಡಿಯವರಿದ್ದಾರೆ, ಇಂಜಿನಿಯರಿಂಗ್ ಓದುವ ಹುಡುಗರಿದ್ದಾರೆ. ಸರದಿ ಹಾಕಿಕೊಂಡಿದ್ದೇವೆ. ಲದ್ದಿ ಬಾಚುವ ಸರದಿ ಬಂದ ದಿನವೇ ಹೆಚ್ಚಿನವರ ನೆಂಟರ ಮನೆಯಲ್ಲಿ ಗೃಹಪ್ರವೇಶ ಇರುತ್ತದೆ ಎನ್ನುವುದನ್ನು ಬಿಟ್ಟರೆ ವ್ಯವಸ್ಥೆ ಚೆನ್ನಾಗಿಯೇ ಇದೆ.

ಕುದುರೆಗೆ ಮರ್ಯಾದೆ ಕೊಡುವುದನ್ನು ಮೈಸೂರಿನವರಿಗೆ ಹೇಳಿಕೊಡಬೇಕಿಲ್ಲ. ಜಂಬೂಸವಾರಿಯ ದಿನ ಅಶ್ವಾರೋಹಿ ಪೊಲೀಸರು ಸಾಲಾಗಿ ಹೊರಟರೆ ರಸ್ತೆಯೇ ಎದ್ದು ನಿಲ್ಲುತ್ತದೆ. ಕತ್ತೆಯ ಪಾಡು ಬೇರೆ. ಲೆಕ್ಕ ತಪ್ಪಿದ ಹುಡುಗನನ್ನು ಬೈಯಲು ಮೇಷ್ಟರಿಗೆ ಕತ್ತೆ ಬೇಕು. ಮಳೆ ಕೈಕೊಟ್ಟ ವರ್ಷ ಊರವರಿಗೆ ಕತ್ತೆ ಬೇಕು. ಎರಡನ್ನು ಹಿಡಿದು ತಂದು, ಸೀರೆ ಪಂಚೆ ಉಡಿಸಿ, ಬಾಸಿಂಗ ಕಟ್ಟಿ, ವಾಲಗದ ಸಮೇತ ಮದುವೆ ಮಾಡುತ್ತಾರೆ. ಮಳೆ ಬಂದರೆ ಕೀರ್ತಿ ದೇವರಿಗೆ. ವಧೂವರರು ಮರುದಿನದಿಂದ ಮತ್ತೆ ಮೂಟೆ ಹೊರಬೇಕು. ವಾಟಾಳ್ ನಾಗರಾಜರ ಚಳವಳಿಗೂ ಕತ್ತೆ ಬೇಕಾಗುತ್ತದೆ. ಎಳೆಗೂಸಿಗೆ ಕೆಮ್ಮು ಎಂದರೆ ಒಳಲೆಯಷ್ಟು ಕತ್ತೆ ಹಾಲಿಗಾಗಿ ಬೀದಿಯಲ್ಲಿ ಕೂಗಿಕೊಂಡು ಹೋಗುವವನನ್ನು ಅಜ್ಜಿಯರು ನಿಲ್ಲಿಸುತ್ತಾರೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ‘ನನ್ನನ್ನು ನೋಡು, ಯೋಗ ಬರುತ್ತದೆ’ ಎಂದು ಬರೆದ ಕತ್ತೆಯ ಫೋಟೊ ನೀವೂ ನೋಡಿರುತ್ತೀರಿ. ಆ ಫೋಟೊ ಇಟ್ಟುಕೊಂಡ ಒಬ್ಬ ಸಜ್ಜನರ ಅಂಗಡಿಗೇ ಹೋಗಿ, ‘ಯಜಮಾನ್ರೇ, ಅಸಲಿಯನ್ನೇ ಕೊಡುತ್ತೇವೆ, ತೋಟದಲ್ಲಿ ಇಟ್ಟುಕೊಳ್ಳಿ’ ಎಂದೆ. ಯೋಗ ಫೋಟೊದಲ್ಲಿ ಬಂದರೆ ಸಾಕು ಎಂದರು.

ಹೀಗೆ ಗಳಿಗೆಗೊಮ್ಮೆ ಬೇಕಾಗಿ, ಗಳಿಗೆ ಮುಗಿದ ಮೇಲೆ ಬೇಡವಾಗುವ ಪ್ರಾಣಿಯ ಸಂಖ್ಯೆ ಏನಾಗಬೇಕೋ ಅದೇ ಆಗಿದೆ. 2012ರ ಜಾನುವಾರು ಗಣತಿಯಲ್ಲಿ ದೇಶದ ಕತ್ತೆಗಳು 3.2 ಲಕ್ಷ ಇದ್ದವು. 2019ರಲ್ಲಿ ಉಳಿದದ್ದು 1.2 ಲಕ್ಷ. ಏಳು ವರ್ಷದಲ್ಲಿ ಶೇ 61ರಷ್ಟು ಇಳಿತ. ಕುದುರೆಗಳೂ ಹೆಚ್ಚುಕಡಿಮೆ ಅರ್ಧಕ್ಕೆ ಬಂದು 3.4 ಲಕ್ಷಕ್ಕೆ ನಿಂತಿದ್ದವು. ಮಡಿವಾಳರ ಮನೆಗೆ ವಾಷಿಂಗ್ ಮೆಷಿನ್ನು, ಇಟ್ಟಿಗೆ ಗೂಡಿಗೆ ಟ್ರ್ಯಾಕ್ಟರು, ಸಂತೆಗೆ ಲಗೇಜ್ ಆಟೊ ಬಂದವು. ಅದನ್ನು ತಪ್ಪೆನ್ನಲು ನನಗೆ ಬಾಯಿಲ್ಲ. ನಾನೇ ಹುಲ್ಲು ತರಿಸುವುದು ಲಗೇಜ್ ಆಟೊದಲ್ಲಿ. ಆದರೆ ಆಟೊ ಕೆಟ್ಟರೆ ಗುಜರಿಗೆ ಹಾಕಬಹುದು. ಮೂವತ್ತು ವರ್ಷ ಮೀರಿ ಬದುಕಬಲ್ಲ ಕತ್ತೆಯನ್ನು ಎಲ್ಲಿಗೆ ಹಾಕುತ್ತೀರಿ? ಬೈಪಾಸ್ ರಸ್ತೆಗೆ ಬಿಡುತ್ತಾರೆ. ನಮಗೆ ಫೋನು ಬರುವುದು ಆಗ.

ಪ್ರಾಣಿ ಲಾಯಕ್ಕೆ ಬಂದ ಮೊದಲ ವಾರ ನಮ್ಮ ದೊಡ್ಡ ಶತ್ರು ಕ್ರೂರಿಗಳಲ್ಲ, ಕರುಣಾಳುಗಳು. ಎಲುಬು ಎಣಿಸಬಹುದಾದ ಕುದುರೆಯನ್ನು ಕಂಡು ಯಾರ ಕರುಳು ತಾನೇ ಸುಮ್ಮನಿರುತ್ತದೆ? ಒಬ್ಬರು ಬ್ರೆಡ್ಡು ತರುತ್ತಾರೆ, ಇನ್ನೊಬ್ಬರು ಬೆಲ್ಲ, ಮತ್ತೊಬ್ಬರು ಕಲ್ಯಾಣ ಮಂಟಪದಲ್ಲಿ ಉಳಿದ ಬಿಸಿಬೇಳೆಬಾತನ್ನು ಬಕೆಟ್ಟಿನಲ್ಲೇ ತರುತ್ತಾರೆ. ಕುದುರೆಗೆ ವಾಂತಿ ಮಾಡಿಕೊಳ್ಳಲು ಬರುವುದಿಲ್ಲ. ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು. ಹೊಟ್ಟೆನೋವು ಬಂದರೆ ಉರುಳಾಡಿ ಸಾಯುವುದೂ ಉಂಟು. ಬಹಳ ದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಧಾನ್ಯ ಬಿದ್ದರೆ ರಕ್ತದೊಳಗಿನ ಲವಣಗಳ ಲೆಕ್ಕವೇ ತಪ್ಪಿ, ಹಸಿವಿನಿಂದ ಸಾಯದ ಕುದುರೆ ಊಟದಿಂದ ಸಾಯುತ್ತದೆ. ಆದ್ದರಿಂದ ಲೂಸರ್ನ್ ಹುಲ್ಲನ್ನು ಹಿಡಿಹಿಡಿಯಾಗಿ ಹಗಲೂ ರಾತ್ರಿ ಕೊಡುತ್ತಾ ಹೋಗಬೇಕು. ಹುರುಳಿ ಬೇಯಿಸುವ ಕಾಲ ಆಮೇಲೆ ಬರುತ್ತದೆ. ಕತ್ತೆಗಂತೂ ಹುರುಳಿಯ ಆಸೆಯನ್ನೇ ಹತ್ತಿಸಬಾರದು. ಮರುಭೂಮಿಯ ಮೂಲದ್ದು, ಒಣಹುಲ್ಲಿನಲ್ಲಿ ಸುಖವಾಗಿರುತ್ತದೆ, ರಸಭರಿತ ಮೇವು ತಿಂದರೆ ಗೊರಸು ಉರಿಯೂತ ಬಂದು ಕುಂಟುತ್ತದೆ. ಅದರ ತುಪ್ಪಳ ಕುದುರೆಯದರಂತೆ ನೀರು ತಡೆಯುವುದಿಲ್ಲ, ಮಳೆಗೆ ತೊಯ್ದು ತೊಪ್ಪೆಯಾಗುತ್ತದೆ. ಹಾಗಾಗಿ ತಗಡಿನ ಮಾಡಿನ ಮೇಲೆ ಮೊದಲ ಹಕ್ಕು ನಮ್ಮಲ್ಲಿ ಕತ್ತೆಯದು. ಕುದುರೆಗಳು ಹೊರಗೆ ನಿಂತು ನೋಡುತ್ತವೆ. ಜಂಬೂಸವಾರಿಯ ಲೆಕ್ಕ ಇಲ್ಲಿ ತಲೆಕೆಳಗು.

‘ಕಾರ್ಯವಾಸಿ ಕತ್ತೆ ಕಾಲು ಹಿಡಿ’ ಎಂದವರು ನಿಜವಾಗಿ ಹಿಡಿದಿರಲಾರರು. ಆರೆಂಟು ವಾರಕ್ಕೊಮ್ಮೆ ಹಿಡಿಯುವ ನಮಗೆ ಗೊತ್ತು. ಕಾಡಿನಲ್ಲಾದರೆ ನಡೆದು ನಡೆದು ಗೊರಸು ಸವೆಯುತ್ತದೆ. ಕಟ್ಟಿಹಾಕಿದ ಕತ್ತೆಯ ಗೊರಸು ಬೆಳೆದು ಚಪ್ಪಲಿಯ ತುದಿಯಂತೆ ಮೇಲಕ್ಕೆ ತಿರುಗಿಕೊಳ್ಳುತ್ತದೆ. ಅದನ್ನು ಕೊರೆದು, ಅರ ಹಾಕಿ ಸರಿಮಾಡಲು ಲಾಳ ಹೊಡೆಯುವವರೊಬ್ಬರು ಬರುತ್ತಾರೆ. ಅಪ್ಪನ ಕಾಲದಲ್ಲಿ ಟಾಂಗಾ ನಿಲ್ದಾಣದ ಎದುರೇ ಅವರ ಕುಲುಮೆ ಇತ್ತಂತೆ. ಕೆಲಸ ಮಾಡುವಾಗ ಅವರು ಕುದುರೆಯ ಹತ್ತಿರ ಮಾತಾಡುತ್ತಾರೆ, ಮನುಷ್ಯರ ಹತ್ತಿರ ಗೊಣಗುತ್ತಾರೆ. ಕುದುರೆ ನೋವಾದರೆ ಒದೆಯುತ್ತದೆ, ಕಿವಿ ಮಡಿಸುತ್ತದೆ, ಬೆವರುತ್ತದೆ. ಕತ್ತೆ ಏನೂ ಮಾಡದೆ ನಿಂತೇ ಇರುತ್ತದೆ. ಇದನ್ನು ನೋಡಿಯೇ ಜನ ದಡ್ಡ, ಮೊಂಡ ಎಂದರು. ನೋವು ತೋರಿಸಿದ ಪ್ರಾಣಿಯನ್ನು ತೋಳ ಮೊದಲು ಆರಿಸಿಕೊಳ್ಳುತ್ತದೆ ಎಂಬ ಹಳೆಯ ಜಾಣತನ ಅದು. ಕತ್ತೆ ಸ್ವಲ್ಪ ಮಂಕಾಗಿದೆ ಎಂದರೆ ನಮ್ಮ ಡಾಕ್ಟರು ಊಟ ಬಿಟ್ಟು ಓಡಿಬರುತ್ತಾರೆ.

ಕಾನೂನಿನ ಮಾತು ಬರುತ್ತದಲ್ಲ, ಹೇಳಿಬಿಡುತ್ತೇನೆ. 1965ರ ನಿಯಮದ ಪ್ರಕಾರ ಕತ್ತೆಯ ಮೇಲೆ 50 ಕಿಲೊಗಿಂತ ಹೆಚ್ಚು ಹೇರುವಂತಿಲ್ಲ. ಅಂದರೆ ಒಂದೇ ಒಂದು ಸಿಮೆಂಟು ಚೀಲ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ನಿಯಮ ಬರೆದವರ ಮನಸ್ಸು ದೊಡ್ಡದು. ಆದರೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲ ಸಿಕ್ಕಿಬಿದ್ದವನಿಗೆ ದಂಡ ಎಷ್ಟು ಗೊತ್ತೇ? 10ರಿಂದ 50 ರೂಪಾಯಿ. ಎರಡು ಕಾಫಿಯ ದುಡ್ಡು. ಹೆಚ್ಚಿಸಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೂ ಟಾಂಗಾದವರನ್ನು ಖಳನಾಯಕರಾಗಿ ತೋರಿಸುವವರ ಜೊತೆ ನನಗೆ ಜಗಳವಿದೆ. ನಮ್ಮಲ್ಲಿರುವ ರಾಣಿ ಎಂಬ ಮುದಿ ಕುದುರೆಯನ್ನು ತಂದು ಬಿಟ್ಟವರು ಅದರ ಯಜಮಾನರೇ. ದಿನದ ಸಂಪಾದನೆ ಮೇವಿಗೂ ಸಾಲದಾದಾಗ ಮಾರಿದ್ದರೆ ನಾಲ್ಕು ಕಾಸು ಬರುತ್ತಿತ್ತು. ಅವರು ಮಾರಲಿಲ್ಲ. ಈಗಲೂ ಭಾನುವಾರ ಸೈಕಲ್ಲಿನಲ್ಲಿ ಬಂದು, ಅದರ ಹಣೆ ಕೆರೆದು, ನಮ್ಮ ಹುಡುಗರು ಕಟ್ಟಿದ ಹಗ್ಗದ ಗಂಟು ಸರಿಯಿಲ್ಲ ಎಂದು ಬೈದು ಹೋಗುತ್ತಾರೆ.

ಎಲ್ಲವೂ ಉಳಿಯುವುದಿಲ್ಲ, ಅದನ್ನೂ ಮುಚ್ಚಿಡಬಾರದು. ಮೊದಲ ಮಹಾಯುದ್ಧದಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕುದುರೆಯೇರಿ ನುಗ್ಗಿದ ಕಥೆ ಎಲ್ಲರಿಗೂ ಗೊತ್ತು. ಅದೇ ರಣರಂಗದ ಬ್ರಿಟಿಷ್ ಸೇನೆ ಯುದ್ಧ ಮುಗಿದ ಮೇಲೆ ತನ್ನ ಸಾವಿರಾರು ಕುದುರೆಗಳನ್ನು ಈಜಿಪ್ಟಿನಲ್ಲೇ ಮಾರಿ ಹೋಯಿತು. ಹತ್ತು ವರ್ಷಕ್ಕೂ ಮೀರಿ ಕಳೆದ ಮೇಲೆ ಡೊರೊಥಿ ಬ್ರೂಕ್ ಎಂಬಾಕೆ ಕೈರೋ ಬೀದಿಗಳಲ್ಲಿ ಗಾಡಿ ಎಳೆಯುತ್ತಿದ್ದ ಆ ಮುದಿ ಕುದುರೆಗಳನ್ನು ಕಂಡು, ಲಂಡನ್ನಿನ ಪತ್ರಿಕೆಗೆ ಕಾಗದ ಬರೆದು, ಬಂದ ಹಣದಲ್ಲಿ ಒಂದೊಂದಾಗಿ ಕೊಂಡರು. 1934ರಲ್ಲಿ ಆಸ್ಪತ್ರೆಯನ್ನೂ ತೆರೆದರು. ಆದರೆ ಕೊಂಡವುಗಳಲ್ಲಿ ಹೆಚ್ಚಿನವಕ್ಕೆ ಆಕೆ ಕೊಡಿಸಿದ್ದು ಕೆಲವು ದಿನಗಳ ಮೇವು, ನೀರು, ಹಾಸು ಮತ್ತು ನೋವಿಲ್ಲದ ಸಾವು. ಅದೂ ಕಾಪಾಡುವುದೇ ಎಂದು ನಾನು ಒಪ್ಪಿಕೊಂಡಿದ್ದೇನೆ. ನಮ್ಮ ಇಂಜಿನಿಯರಿಂಗ್ ಹುಡುಗರು ಇನ್ನೂ ಒಪ್ಪಿಲ್ಲ. ಒಪ್ಪದಿರಲಿ, ಆ ವಯಸ್ಸಿಗೆ ಅದೇ ಸರಿ.

ಈಗ ಮೊದಲಿನ ಮಾತಿಗೆ. ಕಾಪಾಡುವ ದಿನ ಜನ, ಕ್ಯಾಮೆರಾ, ಚಪ್ಪಾಳೆ ಎಲ್ಲ ಇರುತ್ತವೆ. ನಿಜವಾದ ಕೆಲಸವಿರುವುದು ಕೊಡುವುದರಲ್ಲಿ. ಇದು ಮನೆಮಗಳಿಗೆ ಸಂಬಂಧ ನೋಡಿದ ಹಾಗೆಯೇ. ಒಬ್ಬರು ಬರುತ್ತಾರೆ: ರೆಸಾರ್ಟಿನ ಬಾಗಿಲಲ್ಲಿ ನಿಲ್ಲಿಸಲು ಬಿಳಿ ಕುದುರೆ ಬೇಕು, ಕಂದು ಬೇಡ. ಇನ್ನೊಬ್ಬರಿಗೆ ಮಗನ ಹುಟ್ಟುಹಬ್ಬ ಶನಿವಾರ, ಶುಕ್ರವಾರವೇ ಬೇಕು. ಮತ್ತೊಬ್ಬರು ಹೆಣ್ಣುಕತ್ತೆಯನ್ನೇ ಕೇಳುತ್ತಾರೆ. ಹಾಲಿನ ಲೀಟರಿಗೆ ಸಾವಿರಗಟ್ಟಲೆ ಎಂದು ಎಲ್ಲೋ ಕೇಳಿರುತ್ತಾರೆ. ಹೊಸಪೇಟೆಯಲ್ಲಿ 2024ರಲ್ಲಿ ಅದೇ ಹಾಲಿನ ಆಸೆಗೆ ಲಕ್ಷಗಟ್ಟಲೆ ಸುರಿದು ಕತ್ತೆ ಕೊಂಡ ರೈತರು ಮೋಸಹೋದ ಸುದ್ದಿಯನ್ನು ಅವರಿಗೆ ಓದಲು ಕೊಡುತ್ತೇವೆ. ನಮ್ಮ ಷರತ್ತುಗಳು ಕೆಲವೇ: ಮಾರುವಂತಿಲ್ಲ, ಮರಿ ಮಾಡಿಸುವಂತಿಲ್ಲ, ಹೇಳದೆ ಬಂದರೂ ಗೇಟು ತೆಗೆಯಬೇಕು, ಬೇಡವಾದ ದಿನ ನಮಗೇ ವಾಪಸು. ಗಂಡುಗಳನ್ನು ಬೀಜ ಒಡೆಸದೆ ಕಳಿಸುವುದೇ ಇಲ್ಲ. ಆಮೇಲೆ ಮನೆ ನೋಡುವ ಶಾಸ್ತ್ರ. ನೆರಳಿದೆಯೇ, ಮುಳ್ಳುತಂತಿ ಇಲ್ಲವೇ ಎಂದು ನಾವು ನೋಡುತ್ತಿದ್ದರೆ ಅವರು ಉಪ್ಪಿಟ್ಟು ತಿನ್ನಿ ಎನ್ನುತ್ತಿರುತ್ತಾರೆ. ಉಪ್ಪಿಟ್ಟು ಚೆನ್ನಾಗಿದೆ ಎಂದು ಸಂಬಂಧ ಒಪ್ಪಬಾರದು ಎಂಬುದು ನಮ್ಮ ಸಂಘದ ಅಲಿಖಿತ ನಿಯಮ.

ಜನ ಬೆಚ್ಚುವುದು ಜೋಡಿಯ ಷರತ್ತಿಗೆ. ಕತ್ತೆ ಒಮ್ಮೆ ಜೊತೆ ಮಾಡಿಕೊಂಡರೆ ಅಗಲಿಸಬಾರದು. ಅಗಲಿಸಿದರೆ ಮೇವು ಬಿಡುತ್ತದೆ. ಮೇವು ಬಿಟ್ಟರೆ ಮೈಯ ಕೊಬ್ಬೆಲ್ಲ ರಕ್ತಕ್ಕಿಳಿದು ಪಿತ್ತಜನಕಾಂಗ ಕೆಡುತ್ತದೆ, ದಿನಗಳಲ್ಲೇ ಪ್ರಾಣ ಹೋಗಬಹುದು. 1969ರಲ್ಲಿ ಎಲಿಜಬೆತ್ ಸ್ವೆಂಡ್ಸನ್ ಆರಂಭಿಸಿದ ಇಂಗ್ಲೆಂಡಿನ ದೊಡ್ಡ ಕತ್ತೆಧಾಮದವರೂ ಜೋಡಿಯಾಗಿಯೇ ಕೊಡುತ್ತಾರೆ. ನಮ್ಮ ಸದ್ಯದ ತಲೆನೋವು ಇದೇ. ರಾಣಿಯ ಜೊತೆ ಒಂದು ಕಿವಿಹರುಕ ಕತ್ತೆ ಅಂಟಿಕೊಂಡುಬಿಟ್ಟಿದೆ. ಟಿ. ನರಸೀಪುರದ ಕಡೆಯ ತೋಟದವರೊಬ್ಬರು ರಾಣಿಯನ್ನು ನೋಡಿ ಒಪ್ಪಿದ್ದರು. ಹಳೆಯ ಯಜಮಾನರೂ ಅಳೆದು ಸುರಿದು, ‘ಅಲ್ಲಿಗೆ ಬಸ್ಸು ಇದೆಯಾ?’ ಎಂದು ಕೇಳಿಕೊಂಡು ಹೂಂ ಎಂದಿದ್ದರು. ಎರಡನ್ನೂ ಒಯ್ಯಬೇಕು ಎಂದ ಕೂಡಲೇ ತೋಟದವರ ಮುಖ ಸಣ್ಣದಾಯಿತು. ‘ಸಾರ್, ಕುದುರೆ ಕಟ್ಟಿದ್ರೆ ಒಂದು ಗತ್ತು. ಪಕ್ಕದಲ್ಲಿ ಕತ್ತೆ ಕಟ್ಟಿದ್ರೆ ಊರಲ್ಲಿ ಏನಂತಾರೆ?’

ಮೊನ್ನೆ ಅವರ ತಾಯಿಯವರೇ ಫೋನು ಮಾಡಿದರು.

‘ಅದು ರಾತ್ರಿ ಅರಚುತ್ತಾ?’

‘ಬೆಳಗಿನ ಜಾವ ಅರಚುತ್ತಮ್ಮಾ. ಜೋರಾಗೇ ಅರಚುತ್ತೆ’ ಎಂದೆ. ಸಂಬಂಧದಲ್ಲಿ ಸುಳ್ಳು ಹೇಳಬಾರದು.

‘ಹಾಗಾದ್ರೆ ಕಳಿಸಿ. ನಮ್ಮ ಮಗ ಅಲಾರಾಂ ಇಟ್ಟರೂ ಏಳೋದಿಲ್ಲ.’

ಕತ್ತೆಯ ಶ್ವಾಸಕೋಶದಲ್ಲಿ ಹುಳು ಸದ್ದಿಲ್ಲದೆ ಇದ್ದು ಕುದುರೆಗೆ ದಾಟಿ ಕೆಮ್ಮು ತರುತ್ತದೆ, ಹಾಗಾಗಿ ಎರಡರ ಲದ್ದಿಯೂ ಪರೀಕ್ಷೆಗೆ ಹೋಗಿದೆ. ವರದಿ ಬಂದ ಮೇಲೆ ಭಾನುವಾರ ಬೇಲಿ ಅಳೆಯಲು ಹೊರಡುತ್ತೇವೆ. ಆ ದಿನ ಲದ್ದಿ ಬಾಚುವ ಸರದಿ ಯಾರದು ಎಂದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.